ಪ್ರಾಣವಾಯುವೂ ಎಳೆಯ ಕಣ್ಣೂ

ಆಮ್ಲಜನಕವನ್ನು ತಯಾರಿಸಿ ಜಾಡಿಯಲ್ಲಿ ಹಿಡಿದ ಮೇಲೆ ಅದನ್ನು ಗುರುತಿಸುವ ಬಗೆಯನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಜ್ವಾಲೆ ಆರಿ, ತುದಿಯಲ್ಲಿ ಕೆಂಡ ಮಾತ್ರ ಉಳಿದಿರುವ ಕಡ್ಡಿಯೊಂದನ್ನು ಜಾಡಿಯೊಳಕ್ಕೆ ಇಳಿಬಿಟ್ಟರೆ ಅದು ಧಗ್ಗನೆ ಹೊತ್ತಿಕೊಂಡು ಉರಿಯುತ್ತದೆ. ಗಾಳಿಯಲ್ಲಿ ಮೆಲ್ಲಗೆ ಸವೆಯಬೇಕಾಗಿದ್ದ ಕಡ್ಡಿ ಅಲ್ಲಿ ಕ್ಷಣಗಳಲ್ಲಿ ಬೂದಿಯಾಗುತ್ತದೆ. ಈ ಅನಿಲವನ್ನು ನಾವು ಪ್ರಾಣವಾಯುವೆಂದು ಕರೆಯುತ್ತೇವೆ, ಹೆಸರು ಸಾರ್ಥಕವಾದುದೇ. ಆದರೆ ಅತಿಯಾದರೆ ಅಮೃತವೂ ವಿಷ ಎಂಬ ಗಾದೆಯೂ ನಮ್ಮಲ್ಲಿದೆ. ಇವೆರಡು ಮಾತುಗಳ ನಡುವೆ ಸಿಕ್ಕಿ, ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ, ಸುಮಾರು ಹತ್ತು ಸಾವಿರ ಶಿಶುಗಳು ದೃಷ್ಟಿಯನ್ನು ಕಳೆದುಕೊಂಡವು. ಅದಕ್ಕೆ ಕಾರಣವನ್ನು ಹುಡುಕಿದವರು ಯಾರೋ ಒಬ್ಬ ಮಹಾಪುರುಷರಲ್ಲ. ನಾಲ್ಕಾರು ದೇಶಗಳ ವೈದ್ಯರು, ಜೀವಶಾಸ್ತ್ರಜ್ಞರು, ರಸಾಯನಶಾಸ್ತ್ರಜ್ಞರು ಮತ್ತು ಯಂತ್ರಶಿಲ್ಪಿಗಳು ಒಬ್ಬರ ಕೆಲಸವನ್ನು ಇನ್ನೊಬ್ಬರು ಎತ್ತಿಕೊಂಡು, ತಿದ್ದಿ, ಮುಂದುವರಿಸಿ, ಎಂಟು ದಶಕಗಳಲ್ಲಿ ಕಟ್ಟಿದ ಜ್ಞಾನ ಇದು. ಆ ಕಥೆಯನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಕಣ್ಣಿನ ಹಿಂದಿನ ತೆರೆ

ಕಣ್ಣನ್ನು ಛಾಯಾಚಿತ್ರದ ಪೆಟ್ಟಿಗೆಗೆ ಹೋಲಿಸುವುದು ವಾಡಿಕೆ. ಮುಂದೆ ಮಸೂರ, ಹಿಂದೆ ಬಿಂಬ ಬೀಳುವ ತೆರೆ. ಈ ತೆರೆಗೆ ಅಕ್ಷಿಪಟಲವೆಂದು ಹೆಸರು. ಅದರ ದಪ್ಪ ಅರ್ಧ ಮಿಲಿಮೀಟರಿಗಿಂತಲೂ ಕಡಮೆ. ಆದರೂ ತೂಕಕ್ಕೆ ತೂಕ ಹೋಲಿಸಿದರೆ, ನಮ್ಮ ದೇಹದಲ್ಲಿ ಆಮ್ಲಜನಕವನ್ನು ಅತ್ಯಂತ ಹೆಚ್ಚಾಗಿ ಬಳಸುವ ಅಂಗಾಂಶಗಳಲ್ಲಿ ಅದೂ ಒಂದು.

ಈ ತೆರೆಗೆ ಎರಡು ಕಡೆಗಳಿಂದ ಆಮ್ಲಜನಕ ಒದಗುತ್ತದೆ. ಅದರ ಹಿಂಬದಿಗೆ ಅಂಟಿಕೊಂಡಂತೆ ರಕ್ತನಾಳಗಳಿಂದ ದಟ್ಟವಾಗಿ ತುಂಬಿದ ಪದರವೊಂದಿದೆ. ಅಲ್ಲಿಂದ ಹೊರಭಾಗದ ಜೀವಕೋಶಗಳಿಗೆ ಆಮ್ಲಜನಕ ವಿಸರಣದಿಂದ ಹರಿದು ಬರುತ್ತದೆ. ಒಳಭಾಗದ ಜೀವಕೋಶಗಳನ್ನು ಪೋಷಿಸುವುದು ಅಕ್ಷಿಪಟಲದ್ದೇ ಆದ ಬೇರೆ ರಕ್ತನಾಳಗಳು. ಇವು ದೃಷ್ಟಿನರ ಕಣ್ಣನ್ನು ಹೊಕ್ಕುವ ಬಿಂದುವಿನಿಂದ ಹೊರಟು, ಕವಲೊಡೆಯುತ್ತಾ ಅಂಚಿನವರೆಗೆ ಹಬ್ಬುತ್ತವೆ.

ಈ ಹಬ್ಬುವಿಕೆಯ ಕಾಲವನ್ನು ವಾಚಕರು ಗಮನಿಸಬೇಕು. ಗರ್ಭದ ಸುಮಾರು 16ನೆಯ ವಾರದಲ್ಲಿ ಈ ನಾಳಗಳು ಬೆಳೆಯತೊಡಗುತ್ತವೆ. ಮೂಗಿನ ಕಡೆಯ ಅಂಚನ್ನು ಅವು ಮುಟ್ಟುವುದು 36ನೆಯ ವಾರದ ಹೊತ್ತಿಗೆ. ಕಪೋಲದ ಕಡೆಯ ಅಂಚನ್ನು ಮುಟ್ಟುವುದು 40ನೆಯ ವಾರದ ಹೊತ್ತಿಗೆ, ಎಂದರೆ ಹುಟ್ಟುವ ಕಾಲಕ್ಕೆ. ಆದುದರಿಂದ ದಿನ ತುಂಬಿ ಹುಟ್ಟಿದ ಮಗುವಿನ ಅಕ್ಷಿಪಟಲ ಬಹುಮಟ್ಟಿಗೆ ಸಿದ್ಧವಾಗಿರುತ್ತದೆ. 28ನೆಯ ವಾರದಲ್ಲೇ ಹುಟ್ಟಿದ ಶಿಶುವಿನ ಅಕ್ಷಿಪಟಲವಾದರೋ ಅರ್ಧ ಕಟ್ಟಿದ ಮನೆಯಂತೆ. ನಡುವೆ ನಾಳಗಳುಂಟು, ಅಂಚಿನಲ್ಲಿ ಇಲ್ಲ.

ಇನ್ನೊಂದು ಅಂಶವನ್ನೂ ಸೇರಿಸಿಕೊಳ್ಳೋಣ. ಸಮುದ್ರಮಟ್ಟದಲ್ಲಿ ವಾಯುವಿನ ಒತ್ತಡ 760 ಮಿಲಿಮೀಟರ್ ಪಾದರಸಕ್ಕೆ ಸಮ. ಅದರಲ್ಲಿ ನೂರಕ್ಕೆ 21 ಪಾಲು ಆಮ್ಲಜನಕದ್ದಾದುದರಿಂದ, ಡಾಲ್ಟನ್ನನ ನಿಯಮದಂತೆ ಅದರ ಆಂಶಿಕ ಒತ್ತಡ ಸುಮಾರು 160 ಮಿಲಿಮೀಟರ್. ಗರ್ಭಸ್ಥ ಶಿಶುವಿಗೆ ಜರಾಯುವಿನಿಂದ ಬರುವ ರಕ್ತದಲ್ಲಿ ಆಮ್ಲಜನಕದ ಒತ್ತಡ ಇರುವುದು 30 ಮಿಲಿಮೀಟರಿನ ಆಸುಪಾಸಿನಲ್ಲಿ ಮಾತ್ರ. ಆ ಮಂದ ಪರಿಸರದಲ್ಲಿ ಬೆಳೆಯಬೇಕಾದ ಕಣ್ಣು ಅಕಾಲದಲ್ಲಿ ಹೊರಗಿನ ಗಾಳಿಗೆ ಬಂದು ಬೀಳುತ್ತದೆ. ಗಾಜಿನ ಪೋಷಣಪೆಟ್ಟಿಗೆಯಲ್ಲಿ ಆಮ್ಲಜನಕವನ್ನು ನೂರಕ್ಕೆ 60ಕ್ಕೆ ಏರಿಸಿದರೆ, ಶಿಶು ಉಸಿರಾಡುವ ಗಾಳಿಯಲ್ಲಿ ಅದರ ಆಂಶಿಕ ಒತ್ತಡ ಸುಮಾರು 456 ಮಿಲಿಮೀಟರ್. ಈ ಸಂಖ್ಯೆಗಳನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಸಾಗೋಣ.

ಬಾಸ್ಟನ್ನಿನಲ್ಲಿ ಕಂಡ ಹೊಸ ರೋಗ

1942ರಲ್ಲಿ ಅಮೆರಿಕದ ಬಾಸ್ಟನ್ ನಗರದ ನೇತ್ರವೈದ್ಯ ಥಿಯೊಡೋರ್ ಟೆರಿ ಎಂಬವರು, ಅಕಾಲದಲ್ಲಿ ಹುಟ್ಟಿದ ಶಿಶುಗಳ ಕಣ್ಣಿನಲ್ಲಿ ಮಸೂರದ ಹಿಂದೆ ಬಿಳಿಯ ನಾರಿನಂತಹ ಪೊರೆ ಕಟ್ಟಿರುವುದನ್ನು ವರ್ಣಿಸಿದರು. ಅಂತಹ ಕಣ್ಣಿಗೆ ಬೆಳಕಿಲ್ಲ. ಕೆಲವೇ ವರ್ಷಗಳಲ್ಲಿ ಅವರು ನೂರಕ್ಕೂ ಹೆಚ್ಚು ಉದಾಹರಣೆಗಳನ್ನು ಸಂಗ್ರಹಿಸಿದರು. ಈ ರೋಗಕ್ಕೆ ರೆಟ್ರೋಲೆಂಟಲ್ ಫೈಬ್ರೋಪ್ಲೇಸಿಯ, ಎಂದರೆ ಮಸೂರದ ಹಿಂದಿನ ನಾರುಗಟ್ಟುವಿಕೆ, ಎಂಬ ಹೆಸರು ಬಿತ್ತು. ಇಂದು ಇದನ್ನು ಅಕಾಲಜನನದ ಅಕ್ಷಿಪಟಲ ರೋಗವೆಂದು ಕರೆಯುತ್ತಾರೆ. 1946ರಲ್ಲಿ ಟೆರಿ ತೀರಿಕೊಂಡರು; ರೋಗದ ಕಾರಣ ಅವರಿಗೆ ತಿಳಿಯಲಿಲ್ಲ.

ವಿಚಿತ್ರವೆಂದರೆ, ಈ ರೋಗ ಬಡವರ ಆಸ್ಪತ್ರೆಗಳಲ್ಲಿ ವಿರಳ. ಹೊಸ ಸಲಕರಣೆಗಳೂ ನುರಿತ ದಾದಿಯರೂ ಇರುವ ಉತ್ತಮ ಆಸ್ಪತ್ರೆಗಳಲ್ಲಿ ಹೆಚ್ಚು. ಆರೈಕೆ ಹೆಚ್ಚಿದಷ್ಟೂ ಕುರುಡು ಹೆಚ್ಚಿತು! ಜೀವಸತ್ವಗಳ ಕೊರತೆ, ಹೆಚ್ಚು ಬೆಳಕು, ತಾಯಿಯ ಕಾಯಿಲೆ, ಮಗುವಿಗೆ ಕೊಟ್ಟ ಹಾಲು, ಹೀಗೆ ಹತ್ತಾರು ಊಹೆಗಳು ಬಂದುವು. ಒಂದೊಂದಕ್ಕೂ ಬೆಂಬಲವಾಗಿ ಅಲ್ಪಸ್ವಲ್ಪ ಪುರಾವೆ ದೊರೆಯುತ್ತಿತ್ತು.

ಗುಣವಾಯಿತೆಂದು ಕಂಡುದು ಗುಣವೇ?

ಇಂತಹ ಪುರಾವೆ ಎಷ್ಟು ಮೋಸಗೊಳಿಸಬಲ್ಲುದೆಂಬುದಕ್ಕೆ ನ್ಯೂಯಾರ್ಕಿನ ಶಿಶುವೈದ್ಯ ವಿಲಿಯಂ ಸಿಲ್ವರ್‌ಮನ್ನರ ಅನುಭವವೇ ಸಾಕ್ಷಿ. ರೋಗದ ಮೊದಲ ಲಕ್ಷಣಗಳು ಕಂಡ 31 ಶಿಶುಗಳಿಗೆ ಅವರು ಎ.ಸಿ.ಟಿ.ಎಚ್. ಎಂಬ ಹಾರ್ಮೋನನ್ನು ಕೊಟ್ಟರು. 25 ಶಿಶುಗಳ ದೃಷ್ಟಿ ಉಳಿಯಿತು. ಅದೇ ನಗರದ ಇನ್ನೊಂದು ಆಸ್ಪತ್ರೆಯಲ್ಲಿ ಆ ಹಾರ್ಮೋನನ್ನು ಪಡೆಯದ ಏಳು ಶಿಶುಗಳಲ್ಲಿ ಆರು ಕುರುಡಾದುವು. ಇಷ್ಟು ಸಾಲದೆ? ಮದ್ದು ದೊರೆಯಿತೆಂದು ಯಾರಾದರೂ ಹಿಗ್ಗಬಹುದಾಗಿತ್ತು.

ಸಿಲ್ವರ್‌ಮನ್ ಅಷ್ಟಕ್ಕೆ ತೃಪ್ತರಾಗಲಿಲ್ಲ. ಎರಡು ಆಸ್ಪತ್ರೆಗಳ ನಡುವೆ ಬೇರೆ ಎಷ್ಟೋ ವ್ಯತ್ಯಾಸಗಳಿರಬಹುದಲ್ಲವೆ? ಆದುದರಿಂದ ಯಾವ ಶಿಶುವಿಗೆ ಮದ್ದು, ಯಾವುದಕ್ಕೆ ಇಲ್ಲ ಎಂಬುದನ್ನು ಬಣ್ಣದ ಗೋಲಿಗಳನ್ನು ಎತ್ತಿ ನಿರ್ಧರಿಸುವ ಪ್ರಯೋಗವನ್ನು ಅವರು ನಡೆಸಿದರು. ಫಲ ತಲೆಕೆಳಗಾಯಿತು. ಹಾರ್ಮೋನು ಪಡೆದವರಲ್ಲಿ ಮೂರನೆಯ ಒಂದು ಪಾಲು ಕುರುಡಾದರೆ, ಪಡೆಯದವರಲ್ಲಿ ಐದನೆಯ ಒಂದು ಪಾಲು ಮಾತ್ರ ಕುರುಡಾಯಿತು. ಅಲ್ಲದೆ ಹಾರ್ಮೋನು ಪಡೆದವರಲ್ಲಿ ಸಾವು ಹೆಚ್ಚು. ಈ ರೋಗದ ಆರಂಭದ ಲಕ್ಷಣಗಳು ಬಹುಪಾಲು ಶಿಶುಗಳಲ್ಲಿ ತಾವಾಗಿಯೇ ಮಾಯವಾಗುತ್ತವೆ. ಪ್ರಕೃತಿ ಮಾಡಿದ ಉಪಕಾರದ ಕೀರ್ತಿ ಮದ್ದಿಗೆ ಸಲ್ಲುತ್ತಿತ್ತು. ಹೋಲಿಕೆಯಿಲ್ಲದ ಪ್ರಯೋಗ ಪ್ರಯೋಗವೇ ಅಲ್ಲ ಎಂಬ ಪಾಠವನ್ನು ವಿದ್ಯಾರ್ಥಿಗಳು ಇಲ್ಲಿಂದ ಕಲಿಯಬಹುದು.

ಮೆಲ್ಬರ್ನಿನಿಂದ ಬಂದ ಸುಳಿವು

ಸರಿಯಾದ ಸುಳಿವು ಬಂದುದು ದೂರದ ಆಸ್ಟ್ರೇಲಿಯದಿಂದ. ಮೆಲ್ಬರ್ನಿನ ಶಿಶುವೈದ್ಯೆ ಕೇಟ್ ಕ್ಯಾಂಪ್‌ಬೆಲ್, ತಮ್ಮ ನಗರದ ಮೂರು ಸಂಸ್ಥೆಗಳಲ್ಲಿ ಹುಟ್ಟಿದ ಶಿಶುಗಳನ್ನು ಹೋಲಿಸಿ ನೋಡಿದರು. ಎಲ್ಲಿ ಆಮ್ಲಜನಕವನ್ನು ಧಾರಾಳವಾಗಿ ಕೊಡುತ್ತಿದ್ದರೋ ಅಲ್ಲಿ ರೋಗ ನೂರಕ್ಕೆ ಸುಮಾರು 19. ಎಲ್ಲಿ ಅದರ ವೆಚ್ಚವನ್ನು ತಂದೆತಾಯಿಗಳೇ ಹೊರಬೇಕಾಗಿದ್ದುದರಿಂದ ಮಿತವಾಗಿ ಬಳಸುತ್ತಿದ್ದರೋ ಅಲ್ಲಿ ನೂರಕ್ಕೆ ಸುಮಾರು 7. ಇದು 1951ರ ಮಾತು. ಸುಮಾರು ಅದೇ ಕಾಲದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಮೇರಿ ಕ್ರಾಸ್ ಕೂಡ ಒಂದು ಸಂಗತಿಯನ್ನು ಗಮನಿಸಿದರು. 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಗಿ, ಹೊಸ ಆಮ್ಲಜನಕ ಸಲಕರಣೆಗಳು ಬಂದ ಮೇಲೆ ಈ ರೋಗವೂ ಅಲ್ಲಿಗೆ ಬಂದಿತ್ತು.

ವಾಷಿಂಗ್‌ಟನ್ನಿನಲ್ಲಿ ಆರ್ನಲ್ ಪಾಟ್ಸ್ ಎಂಬ ತರುಣ ನೇತ್ರವೈದ್ಯರು ಲೆರಾಯ್ ಹೋಕ್ ಎಂಬವರೊಡನೆ ಸೇರಿ ಈ ಸಂಶಯವನ್ನು ಪರೀಕ್ಷೆಗೆ ಒಡ್ಡಿದರು. ಕೆಲವು ಶಿಶುಗಳಿಗೆ ವಾಡಿಕೆಯಂತೆ ಹೆಚ್ಚು ಆಮ್ಲಜನಕ. ಕೆಲವಕ್ಕೆ ಅಗತ್ಯವಿದ್ದಾಗ ಮಾತ್ರ, ಅದೂ ಮಿತವಾಗಿ. ಆಮ್ಲಜನಕವನ್ನು ಕಡಮೆ ಮಾಡಿದರೆ ಮಕ್ಕಳು ಸಾಯುವರೆಂದು ಹೆದರಿದ ದಾದಿಯರು ರಾತ್ರಿ ಗುಟ್ಟಾಗಿ ಕೊಳಾಯಿ ತಿರುಗಿಸಿಡುತ್ತಿದ್ದರೆಂದು ಪಾಟ್ಸ್ ಮುಂದೆ ನೆನಪಿಸಿಕೊಂಡಿದ್ದಾರೆ. ಆ ದಾದಿಯರನ್ನು ನಾವು ದೂರಲಾರೆವು. ನೀಲಿಗಟ್ಟಿದ ಶಿಶುವಿನ ಮುಂದೆ ನಿಂತವರಿಗೆ ಅಂಕಿ ಅಂಶಗಳು ಕಾಣುವುದಿಲ್ಲ.

ಹದಿನೆಂಟು ಆಸ್ಪತ್ರೆಗಳ ಪ್ರಯೋಗ

ಒಂದೊಂದು ಆಸ್ಪತ್ರೆಯಲ್ಲಿ ಶಿಶುಗಳ ಸಂಖ್ಯೆ ಅಲ್ಪ. ಆದುದರಿಂದ 1953ರಲ್ಲಿ ಅಮೆರಿಕದ 18 ಆಸ್ಪತ್ರೆಗಳು ಒಂದಾಗಿ, ಎವರೆಟ್ ಕಿನ್ಸಿ ಎಂಬವರ ಮೇಲ್ವಿಚಾರಣೆಯಲ್ಲಿ ಸಹಕಾರಿ ಪ್ರಯೋಗವೊಂದನ್ನು ಕೈಗೊಂಡವು. ಅದರಲ್ಲಿ 1,500 ಗ್ರಾಮ್ ಅಥವಾ ಅದಕ್ಕಿಂತ ಕಡಮೆ ತೂಕದ 786 ಶಿಶುಗಳಿದ್ದುವು. ಒಂದು ಗುಂಪಿಗೆ 28 ದಿನ ನೂರಕ್ಕೆ 50ಕ್ಕೂ ಹೆಚ್ಚು ಆಮ್ಲಜನಕ. ಇನ್ನೊಂದಕ್ಕೆ ಅಗತ್ಯಬಿದ್ದಾಗ ಮಾತ್ರ, ಅದೂ ಸಾಧ್ಯವಾದಮಟ್ಟಿಗೆ ನೂರಕ್ಕೆ 40ರ ಒಳಗೆ. ಹಾನಿಯ ಸಂಶಯವಿದ್ದುದರಿಂದ ಮೊದಲ ಗುಂಪಿಗೆ ಮೂರರಲ್ಲಿ ಒಂದು ಪಾಲು ಶಿಶುಗಳನ್ನು ಮಾತ್ರ ಸೇರಿಸಿ, ಮೂರು ತಿಂಗಳ ನಂತರ ಅದನ್ನೂ ನಿಲ್ಲಿಸಿದರು. 1954ರಲ್ಲಿ ಫಲಿತಾಂಶ ಹೊರಬಿದ್ದಿತು. ಮೊದಲ ಗುಂಪಿನಲ್ಲಿ ಕಣ್ಣಿನೊಳಗೆ ಕಲೆಗಟ್ಟುವವರೆಗೆ ಬೆಳೆದ ರೋಗ ನೂರಕ್ಕೆ 23, ಎರಡನೆಯದರಲ್ಲಿ 7. ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಬೆಕ್ಕಿನ ಮರಿಗಳು ಹೇಳಿದ್ದು

ಆಮ್ಲಜನಕ ಕಾರಣವೆಂದು ತಿಳಿದರೆ ಸಾಲದು. ಅದು ಹೇಗೆ ಕೆಡುಕು ಮಾಡುತ್ತದೆ ಎಂಬುದೇ ವಿಜ್ಞಾನದ ಮುಖ್ಯ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಿದವರು ಲಂಡನ್ನಿನ ನಾರ್ಮನ್ ಆಷ್ಟನ್ ಮತ್ತು ಅವರ ಸಹೋದ್ಯೋಗಿಗಳು. ಬೆಕ್ಕಿನ ಮರಿ ಹುಟ್ಟುವಾಗ ಅದರ ಅಕ್ಷಿಪಟಲದ ನಾಳಗಳು ಅಕಾಲಶಿಶುವಿನವುಗಳಂತೆಯೇ ಅಪೂರ್ಣವಾಗಿರುತ್ತವೆ. ಅಂತಹ ಮರಿಗಳನ್ನು ಕೆಲವು ದಿನ ನೂರಕ್ಕೆ 70ರಿಂದ 80ರಷ್ಟು ಆಮ್ಲಜನಕವಿರುವ ಗೂಡಿನಲ್ಲಿಟ್ಟು, ಬಳಿಕ ರಕ್ತನಾಳಗಳಿಗೆ ಕಪ್ಪು ಶಾಯಿಯನ್ನು ತುಂಬಿ ಪರೀಕ್ಷಿಸಿದರು.

ಎರಡು ಹಂತಗಳು ಗೋಚರಿಸಿದುವು. ಹೆಚ್ಚು ಆಮ್ಲಜನಕದಲ್ಲಿರುವಾಗ ಎಳೆಯ ನಾಳಗಳು ಸಂಕೋಚಿಸಿ, ಕೊನೆಗೆ ಅಳಿದೇ ಹೋದುವು. ಮರಿಯನ್ನು ಸಾಮಾನ್ಯ ಗಾಳಿಗೆ ತಂದ ಮೇಲೆ, ಉಳಿದ ನಾಳಗಳ ತುದಿಯಿಂದ ಹೊಸ ನಾಳಗಳು ಅಡ್ಡಾದಿಡ್ಡಿಯಾಗಿ ಚಿಗುರಿ, ಅಕ್ಷಿಪಟಲವನ್ನು ಬಿಟ್ಟು ಕಣ್ಣಿನೊಳಗಿನ ಪಾರದರ್ಶಕ ಲೋಳೆಯೊಳಕ್ಕೆ ನುಗ್ಗಿದುವು. ಇಂತಹ ನಾಳಗಳು ಸೋರುತ್ತವೆ, ನಾರುಗಟ್ಟುತ್ತವೆ, ಎಳೆದು ಅಕ್ಷಿಪಟಲವನ್ನೇ ಅದರ ನೆಲೆಯಿಂದ ಕೀಳುತ್ತವೆ. ಟೆರಿ ಕಂಡ ಬಿಳಿಯ ಪೊರೆ ಇದೇ. ನಾಳಗಳು ಪೂರ್ಣವಾಗಿ ಬೆಳೆದ ದೊಡ್ಡ ಬೆಕ್ಕಿಗೆ ಅದೇ ಆಮ್ಲಜನಕದಿಂದ ಇಂತಹ ಹಾನಿಯಾಗಲಿಲ್ಲ.

ಉಪಾಯದ ಬೆಲೆ

1954ರ ನಂತರ ಎಲ್ಲೆಡೆಯೂ ಆಮ್ಲಜನಕಕ್ಕೆ ಕಡಿವಾಣ ಬಿದ್ದಿತು. ಕುರುಡು ಥಟ್ಟನೆ ಇಳಿಯಿತು. ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಸುಖಾಂತವಾಗುತ್ತಿತ್ತು. ಆದರೆ ಆ ಮಹಾಪ್ರಯೋಗದಲ್ಲಿ ಒಂದು ಸಣ್ಣ ಷರತ್ತಿತ್ತು: ಹುಟ್ಟಿ 48 ಗಂಟೆಗಳಾದ ಶಿಶುಗಳನ್ನು ಮಾತ್ರ ಅದಕ್ಕೆ ಸೇರಿಸಿಕೊಂಡಿದ್ದರು. ಅಕಾಲಶಿಶುಗಳಲ್ಲಿ ಹೆಚ್ಚಿನವು ಸಾಯುವುದು ಮೊದಲ ಎರಡು ದಿನಗಳಲ್ಲಿಯೇ. ಆ ದಿನಗಳ ವಿಚಾರವಾಗಿ ಪ್ರಯೋಗ ಏನನ್ನೂ ಹೇಳಿರಲಿಲ್ಲ. ಆದರೂ ಅದರ ತೀರ್ಮಾನವನ್ನು ಹುಟ್ಟಿದ ಗಳಿಗೆಯಿಂದಲೇ ಅನ್ವಯಿಸಿದರು. ಇನ್ನೊಂದು ತಪ್ಪೂ ನಡೆಯಿತು. ರೋಗ ಹೆಚ್ಚುವುದು ಆಮ್ಲಜನಕವನ್ನು ಕೊಟ್ಟ ಅವಧಿಯೊಡನೆ ಎಂದು ಪ್ರಯೋಗ ತೋರಿಸಿತ್ತು. ನೂರಕ್ಕೆ 40ರ ಒಳಗಿದ್ದರೆ ಅಪಾಯವಿಲ್ಲವೆಂದು ಅದು ಸಿದ್ಧಪಡಿಸಿರಲಿಲ್ಲ. ಜನ ಅದನ್ನೇ ನಿಯಮವೆಂದು ನಂಬಿದರು.

ಉಸಿರಿನ ತೊಂದರೆಯಿರುವ ಶಿಶುವಿಗೆ ಅಷ್ಟು ಸಾಲದೆಹೋಗಬಹುದು. 1973ರಲ್ಲಿ ಲಂಡನ್ನಿನ ಕೆನೆತ್ ಕ್ರಾಸ್ ಲೆಕ್ಕಹಾಕಿ, ಒಂದು ಮಗುವಿನ ದೃಷ್ಟಿಯನ್ನು ಉಳಿಸುವುದಕ್ಕಾಗಿ ಸುಮಾರು 16 ಶಿಶುಗಳು ಪ್ರಾಣ ತೆತ್ತಿರಬಹುದೆಂದು ಅಂದಾಜು ಮಾಡಿದರು. ಅದು ಅಂದಾಜು ಮಾತ್ರ. ಆದರೂ ಪ್ರಯೋಗವೊಂದು ಉತ್ತರಿಸದ ಪ್ರಶ್ನೆಗೆ ಅದರಿಂದಲೇ ಉತ್ತರ ಹೇಳಿಸಿದರೆ ಏನಾಗಬಹುದೆಂಬುದನ್ನು ಅದು ಮನಗಾಣಿಸುತ್ತದೆ.

'ಅಂಶ ಎಕ್ಸ್'

ಇತ್ತ ಮೂಲಸಂಶೋಧನೆ ತನ್ನ ದಾರಿಯಲ್ಲಿ ಸಾಗಿತ್ತು. ಐಸಾಕ್ ಮೈಕೆಲ್‌ಸನ್ ಎಂಬವರು 1948ರಲ್ಲೇ ಒಂದು ಸೂಕ್ಷ್ಮವನ್ನು ಸೂಚಿಸಿದ್ದರು. ಅಕ್ಷಿಪಟಲದಲ್ಲಿ ಆಮ್ಲಜನಕ ತುಂಬಿದ ಧಮನಿಯ ಸುತ್ತ ಲೋಮನಾಳಗಳಿಲ್ಲದ ಬರಿಯ ಪಟ್ಟಿಯೊಂದಿರುತ್ತದೆ. ಅಭಿಧಮನಿಯ ಸುತ್ತ ಹಾಗಿಲ್ಲ. ಅಂದರೆ, ಆಮ್ಲಜನಕದ ಕೊರತೆಯಿರುವಲ್ಲಿ ಅಂಗಾಂಶವು ವಿಸರಣಶೀಲವಾದ ಯಾವುದೋ ವಸ್ತುವನ್ನು ಹೊರಸೂಸಿ ನಾಳಗಳನ್ನು ಕರೆಯುತ್ತಿರಬೇಕು. ಈ ಅಜ್ಞಾತ ವಸ್ತುವೇ 'ಅಂಶ ಎಕ್ಸ್' ಎಂದು ಪ್ರಸಿದ್ಧವಾಯಿತು.

ಬೀಜಗಣಿತದಲ್ಲಿ ಎಕ್ಸ್‌ನ ಬೆಲೆಯನ್ನು ನಾವು ಕೆಲವು ಪಂಕ್ತಿಗಳಲ್ಲಿ ಕಂಡುಹಿಡಿಯುತ್ತೇವೆ. ಈ ಎಕ್ಸ್‌ಗೆ ನಾಲ್ಕು ದಶಕಗಳೇ ಬೇಕಾದುವು. ಅದು ದೊರೆತುದು ಕಣ್ಣಿನ ವೈದ್ಯರಿಗಲ್ಲ, ಅರ್ಬುದಗಳ ಸಂಶೋಧಕರಿಗೆ. 1983ರಲ್ಲಿ ಬಾಸ್ಟನ್ನಿನ ಸೆಂಗರ್ ಮತ್ತು ಡ್ವೋರಾಕ್, ರಕ್ತನಾಳಗಳನ್ನು ಸೋರುವಂತೆ ಮಾಡುವ ಪ್ರೋಟೀನೊಂದನ್ನು ವರದಿಮಾಡಿದರು. 1989ರಲ್ಲಿ ಕ್ಯಾಲಿಫೋರ್ನಿಯದ ಫೆರಾರ ಮತ್ತು ಹೆನ್ಸೆಲ್ ನಾಳಗಳನ್ನು ಬೆಳೆಸುವ ಪ್ರೋಟೀನೊಂದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಎರಡೂ ಒಂದೇ ಎಂದು ಅದೇ ವರ್ಷ ತಿಳಿದುಬಂದಿತು. ಅದಕ್ಕೆ ವಿ.ಇ.ಜಿ.ಎಫ್. ಎಂದು ಸಂಕ್ಷಿಪ್ತನಾಮ. ಆಮ್ಲಜನಕ ಕಡಮೆಯಾದಾಗ ಅದರ ಉತ್ಪತ್ತಿ ಹೆಚ್ಚುವುದೆಂದು 1992ರಲ್ಲಿ ಜೆರೂಸಲೇಮಿನ ಕೆಶೆಟ್ ಮತ್ತು ಸಂಗಡಿಗರು ತೋರಿಸಿದರು. ಜೀವಕೋಶ ಆಮ್ಲಜನಕದ ಮಟ್ಟವನ್ನು ಅರಿಯುವ ಒಳಯಂತ್ರವನ್ನು ಬಿಡಿಸಿದುದಕ್ಕಾಗಿ ಸೆಮೆನ್ಸ, ರಾಟ್‌ಕ್ಲಿಫ್ ಮತ್ತು ಕೇಲಿನ್ ಎಂಬ ಮೂವರಿಗೆ 2019ರ ನೊಬೆಲ್ ಪಾರಿತೋಷಕ ದೊರೆಯಿತು.

ಈಗ ಆಷ್ಟನ್ನರ ಎರಡು ಹಂತಗಳನ್ನು ಮತ್ತೆ ನೋಡೋಣ. ಗಾಳಿಯಲ್ಲಿ ಆಮ್ಲಜನಕದ ಆಂಶಿಕ ಒತ್ತಡ ಏರಿದಾಗ, ಹಿಂದಿನ ಪದರದಿಂದ ವಿಸರಣವಾಗುವ ಆಮ್ಲಜನಕವೇ ತೆಳ್ಳನೆಯ ಅಕ್ಷಿಪಟಲಕ್ಕೆಲ್ಲ ಸಾಕಾಗುತ್ತದೆ. ಕೊರತೆಯಿಲ್ಲ, ಆದುದರಿಂದ ವಿ.ಇ.ಜಿ.ಎಫ್. ಇಲ್ಲ. ಎಳೆಯ ನಾಳಗಳು ಬದುಕಿರುವುದಕ್ಕೂ ಆ ಪ್ರೋಟೀನು ಬೇಕಾಗಿರುವುದರಿಂದ ಅವು ಅಳಿಯುತ್ತವೆ. ವಾರಗಳು ಕಳೆದು ಅಕ್ಷಿಪಟಲ ಬಲಿತಂತೆ ಅದರ ಹಸಿವು ಹೆಚ್ಚುತ್ತದೆ. ಹೊರಗಿನ ಆಮ್ಲಜನಕವೂ ಇಳಿದಿರುತ್ತದೆ. ನಾಳಗಳಿಲ್ಲದ ಅಂಚು ಉಸಿರುಗಟ್ಟಿ ವಿ.ಇ.ಜಿ.ಎಫ್. ಅನ್ನು ಅತಿಯಾಗಿ ಸ್ರವಿಸುತ್ತದೆ. ನಾಳಗಳು ಹುಚ್ಚು ಹುಚ್ಚಾಗಿ ಬೆಳೆಯುತ್ತವೆ.

ಚಿಕಿತ್ಸೆಯ ತರ್ಕವೂ ಇದರಿಂದ ಸ್ಪಷ್ಟವಾಗುತ್ತದೆ. ನಾಳಗಳಿಲ್ಲದ ಅಂಚನ್ನು ಲೇಸರ್ ಕಿರಣದಿಂದ ಸುಟ್ಟರೆ ಕರೆಯುವ ದನಿಯೇ ಅಡಗುತ್ತದೆ. ಅತಿಶೈತ್ಯದಿಂದ ಹಾಗೆ ಮಾಡಿದರೆ ಕೆಟ್ಟ ಪರಿಣಾಮ ಸುಮಾರು ಅರ್ಧಕ್ಕಿಳಿಯುವುದೆಂದು 1988ರಲ್ಲೇ ಅಮೆರಿಕದ ಪ್ರಯೋಗವೊಂದು ತೋರಿಸಿತ್ತು. ವಿ.ಇ.ಜಿ.ಎಫ್. ಅನ್ನು ಹಿಡಿದು ನಿಷ್ಕ್ರಿಯಗೊಳಿಸುವ ಔಷಧವನ್ನು ಕಣ್ಣಿನೊಳಕ್ಕೆ ಚುಚ್ಚುವ ವಿಧಾನ 2011ರ ಪ್ರಯೋಗದಿಂದ ಪ್ರಸಿದ್ಧಿಗೆ ಬಂದಿತು. ಬೆಳೆಯುವ ಮಗುವಿನ ಇತರ ಅಂಗಗಳಿಗೂ ಆ ಪ್ರೋಟೀನು ಅಗತ್ಯವಾದುದರಿಂದ ಇದನ್ನು ಎಚ್ಚರದಿಂದ ಬಳಸುತ್ತಾರೆ. ಸಕ್ಕರೆ ರೋಗದಿಂದ ಮತ್ತು ವೃದ್ಧಾಪ್ಯದಿಂದ ಕಣ್ಣು ಕೆಡುವಾಗಲೂ ಇದೇ ಪ್ರೋಟೀನಿನ ಕೈವಾಡವಿರುವುದರಿಂದ, ಶಿಶುಗಳಿಂದ ಕಲಿತ ಪಾಠ ಹಿರಿಯರಿಗೂ ಉಪಯೋಗಕ್ಕೆ ಬಂದಿದೆ.

ಬೆಳಕಿನಿಂದ ಆಮ್ಲಜನಕದ ಅಳತೆ

ಹಾಗಾದರೆ ಎಷ್ಟು ಆಮ್ಲಜನಕ ಸರಿ? ಇದನ್ನು ಕೇಳಬೇಕಾದರೆ ಮೊದಲು ರಕ್ತದಲ್ಲಿ ಅದನ್ನು ಎಡೆಬಿಡದೆ ಅಳೆಯುವ ಸಾಧನ ಬೇಕು. ಅದನ್ನು ಒದಗಿಸಿದುದು ಭೌತಶಾಸ್ತ್ರ. ಆಮ್ಲಜನಕವನ್ನು ಹೊತ್ತ ಹೀಮೋಗ್ಲೋಬಿನ್ ಕೆಂಪು ಬೆಳಕನ್ನು ಕಡಮೆಯಾಗಿಯೂ ಅವಕೆಂಪು ಕಿರಣವನ್ನು ಹೆಚ್ಚಾಗಿಯೂ ಹೀರುತ್ತದೆ. ಹೊರದ ಹೀಮೋಗ್ಲೋಬಿನ್ನಿನದು ಇದಕ್ಕೆ ವಿರುದ್ಧ. ಎರಡು ಬಗೆಯ ಕಿರಣಗಳನ್ನು ಬೆರಳಿನ ಅಥವಾ ಪುಟ್ಟ ಪಾದದ ಮೂಲಕ ಹಾಯಿಸಿ, ನಾಡಿಯೊಡನೆ ಏರಿಳಿಯುವ ಭಾಗವನ್ನು ಮಾತ್ರ ಹೋಲಿಸಿದರೆ ಧಮನಿಯ ರಕ್ತದ ಆಮ್ಲಜನಕದ ಪೂರಣ ತಿಳಿಯುತ್ತದೆ. 1974ರಲ್ಲಿ ಇದನ್ನು ಪ್ರಕಟಪಡಿಸಿದವರು ಜಪಾನಿನ ಯಂತ್ರಶಿಲ್ಪಿ ಟಕುವೊ ಅವೊಯಾಗಿ.

ಈ ಉಪಕರಣದ ನೆರವಿನಿಂದ 24ರಿಂದ 27 ವಾರಗಳಲ್ಲಿ ಹುಟ್ಟಿದ 1,316 ಶಿಶುಗಳ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗದ ಫಲ 2010ರಲ್ಲಿ ಪ್ರಕಟವಾಯಿತು. ಪೂರಣವನ್ನು ನೂರಕ್ಕೆ 85ರಿಂದ 89ರ ನಡುವೆ ಇರಿಸಿದಾಗ ಬದುಕುಳಿದವರಲ್ಲಿ ತೀವ್ರ ನೇತ್ರರೋಗ 8.6, ಮರಣ 19.9. ಪೂರಣವನ್ನು 91ರಿಂದ 95ರ ನಡುವೆ ಇರಿಸಿದಾಗ ನೇತ್ರರೋಗ 17.9, ಮರಣ 16.2. ಎಲ್ಲವೂ ನೂರರ ಲೆಕ್ಕ. ಕಣ್ಣೋ ಪ್ರಾಣವೋ ಎಂಬ ಹಳೆಯ ಪ್ರಶ್ನೆ ಅಂಕಿಗಳ ರೂಪದಲ್ಲಿ ಮತ್ತೆ ಎದುರಾಯಿತು. ಪ್ರಾಣವೇ ಮೊದಲು ಎಂಬುದರಲ್ಲಿ ಸಂದೇಹವಿಲ್ಲ. ಹಾಗಾದರೆ ಕಣ್ಣನ್ನು ಉಳಿಸುವ ದಾರಿ ಯಾವುದು? ಪ್ರತಿಯೊಂದು ಅಕಾಲಶಿಶುವಿನ ಅಕ್ಷಿಪಟಲವನ್ನೂ ಸಕಾಲದಲ್ಲಿ ಪರೀಕ್ಷಿಸಿ, ಅಗತ್ಯವಿದ್ದರೆ ಆಗಲೇ ಚಿಕಿತ್ಸೆ ಮಾಡುವುದು.

ನಮ್ಮ ನಾಡಿನಲ್ಲಿ

ಈ ವಿಷಯ ನಮಗೆ ದೂರದ್ದಲ್ಲ. ಜಿಲ್ಲೆ ಜಿಲ್ಲೆಗಳಲ್ಲಿಯೂ ನವಜಾತ ಶಿಶುಗಳ ಚಿಕಿತ್ಸಾಘಟಕಗಳು ತೆರೆದು, ಹಿಂದೆ ಉಳಿಯದಿದ್ದ ಶಿಶುಗಳು ಈಗ ಉಳಿಯುತ್ತಿರುವುದರಿಂದ, ರೋಗಕ್ಕೆ ಗುರಿಯಾಗಬಲ್ಲ ಕಣ್ಣುಗಳೂ ಹೆಚ್ಚಿವೆ. ನಮ್ಮಂತಹ ದೇಶಗಳಲ್ಲಿ 1,500 ಗ್ರಾಮಿಗಿಂತ ಹೆಚ್ಚು ತೂಗುವ ಶಿಶುಗಳಿಗೂ ಇದು ಬರುತ್ತದೆ. ಆದುದರಿಂದ 34 ವಾರಗಳಿಗೆ ಮುಂಚೆ ಹುಟ್ಟಿದ ಅಥವಾ 2,000 ಗ್ರಾಮಿಗಿಂತ ಕಡಮೆ ತೂಕವುಳ್ಳ ಶಿಶುಗಳಿಗೆ, ಹುಟ್ಟಿದ 30 ದಿನಗಳೊಳಗೆ ಮೊದಲ ನೇತ್ರಪರೀಕ್ಷೆ ಆಗಲೇಬೇಕೆಂಬುದು ನಮ್ಮಲ್ಲಿನ ನಿಯಮ. ಇನ್ನೂ ಮುಂಚೆ ಹುಟ್ಟಿದವಕ್ಕೆ ಇನ್ನೂ ಬೇಗ.

ಆದರೆ ಇದನ್ನು ಬಲ್ಲ ನೇತ್ರವೈದ್ಯರು ಹಳ್ಳಿಹಳ್ಳಿಗೂ ದೊರೆಯುವರೆ? 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯ 'ಕಿಡ್ರಾಪ್' ಎಂಬ ಯೋಜನೆಯಿಂದ ಇದಕ್ಕೆ ಉಪಾಯ ಹುಡುಕಿತು. ತರಬೇತು ಪಡೆದ ತಂತ್ರಜ್ಞರು ಕ್ಯಾಮೆರವನ್ನು ಹೊತ್ತು ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗಿ ಶಿಶುಗಳ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ. ದೂರದಲ್ಲಿರುವ ವೈದ್ಯರು ಆ ಚಿತ್ರಗಳನ್ನು ನೋಡಿ ನಿರ್ಣಯ ಹೇಳುತ್ತಾರೆ. ಟೆರಿಯವರಿಗೆ ದೊರೆಯದೆಹೋದ ಅವಕಾಶ, ಎಂದರೆ ಪೊರೆ ಕಟ್ಟುವ ಮೊದಲೇ ನೋಡುವ ಅವಕಾಶ, ಹೀಗೆ ಒದಗಿಬಂದಿದೆ.

ರೋಗ ಚಿಕಿತ್ಸೆಯ ಹಂತಕ್ಕೆ ಬಂದಾಗ ವೈದ್ಯರ ಕೈಯಲ್ಲಿರುವ ಸಮಯ ಕೆಲವೇ ದಿನಗಳದು. ಆ ಅವಧಿ ಮೀರಿದರೆ ಯಾವ ವಿದ್ಯೆಯೂ ಕಣ್ಣನ್ನು ಮರಳಿ ಕೊಡಲಾರದು. ಮನೆಯಲ್ಲಿಯೋ ನೆರೆಯಲ್ಲಿಯೋ ದಿನ ತುಂಬದೆ ಹುಟ್ಟಿದ ಕೂಸಿದ್ದರೆ, ಅದರ ಕಣ್ಣನ್ನು ಮೂವತ್ತು ದಿನಗಳೊಳಗೆ ತೋರಿಸಿದ್ದಾರೆಯೇ ಎಂದು ನಮ್ಮ ವಿದ್ಯಾರ್ಥಿಗಳು ವಿಚಾರಿಸಬೇಕು. ಎಂಟು ದಶಕಗಳ ಈ ಸಂಶೋಧನೆ ಫಲಿಸುವುದು ಅಂತಹ ಒಂದು ಪ್ರಶ್ನೆಯಿಂದಲೇ.